ವೆಲ್ವೆಟ್ ಅಂಡರ್‌ಗ್ರೌಂಡ್ ತಂಡದ ಗದ್ದಲದ ಆಲ್ಬಮ್

‘ವೈಟ್ ಲೈಟ್/ವೈಟ್ ಹೀಟ್’ ನ್ಯೂಯಾರ್ಕಿನ ವೆಲ್ವೆಟ್ ಅಂಡರ್‌ಗ್ರೌಂಡ್ ಎಂಬ ರಾಕ್ ತಂಡದ ಎರಡನೆಯ ಆಲ್ಬಮ್. 1968ರ ಜನವರಿ 30ರಂದು ವರ್ವ್ ಕಂಪನಿ ಇದನ್ನು ಬಿಡುಗಡೆ ಮಾಡಿತು. ಇದರಲ್ಲಿರುವುದು ಆರೇ ಹಾಡು, ಒಟ್ಟು ಸುಮಾರು 40 ನಿಮಿಷ. ಕೊನೆಯ ಹಾಡೊಂದೇ ಹದಿನೇಳೂವರೆ ನಿಮಿಷದಷ್ಟು ಉದ್ದ. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ ಪ್ರಕಟಿಸುವ 200 ಆಲ್ಬಮ್‌ಗಳ ಪಟ್ಟಿಯಲ್ಲಿ ಇದಕ್ಕೆ ದಕ್ಕಿದ್ದು 199ನೇ ಸ್ಥಾನ. ಮುಂದೆ ‘ನಾಯ್ಸ್ ರಾಕ್’ ಎಂದು ಹೆಸರಾದ ಸಂಗೀತದ ಬೇರು ಹುಡುಕಹೊರಟವರು ಮತ್ತೆ ಮತ್ತೆ ಬಂದು ನಿಲ್ಲುವುದು ಇದೇ ಆಲ್ಬಮ್ಮಿನ ಮುಂದೆ. ಕೆಲವರಿಗೆ ಇದು ರಾಕ್ ಸಂಗೀತದ ಅತ್ಯಂತ ಧೈರ್ಯದ ಧ್ವನಿಮುದ್ರಣ, ಇನ್ನು ಕೆಲವರಿಗೆ ಕೆಟ್ಟದಾಗಿ ರೆಕಾರ್ಡ್ ಆದ ಕಿವಿಗಡಚಿಕ್ಕುವ ಗಲಾಟೆ. ಈ ಎರಡು ಅಭಿಪ್ರಾಯಗಳೂ ಹುಟ್ಟಿದ್ದು ವಿಮರ್ಶಕರಲ್ಲಿ ಅಲ್ಲ. ಆಲ್ಬಮ್ಮಿನ ತಟ್ಟೆ ಅಂಗಡಿಗೆ ಬರುವ ಮೊದಲೇ, ಸ್ಟುಡಿಯೊದ ಒಳಗೆ, ನುಡಿಸಿದವರ ನಡುವೆಯೇ ಅವು ಇದ್ದವು.

ನಾಯ್ಸ್ ರಾಕ್ ಎಂದರೆ ಗದ್ದಲವನ್ನೇ ವಾದ್ಯದಂತೆ ಬಳಸುವ ರಾಕ್ ಸಂಗೀತ. ಈ ಗದ್ದಲ ಏನೆಂಬುದು ಕನ್ನಡದ ಓದುಗರಿಗೆ ಗೊತ್ತಿಲ್ಲದ್ದಲ್ಲ. ಸಭೆಯಲ್ಲಿ ಭಾಷಣ ಮಾಡುವವರು ಮೈಕು ಹಿಡಿದು ಸ್ಪೀಕರಿನ ಮುಂದೆ ಬಂದರೆ ‘ಕುಯ್ಯೋ’ ಎಂಬ ಕೂಗು ಏಳುತ್ತದೆ. ಜನ ಕಿವಿ ಮುಚ್ಚಿಕೊಳ್ಳುತ್ತಾರೆ, ಮೈಕ್‌ಸೆಟ್ಟಿನ ಹುಡುಗ ಓಡಿ ಹೋಗಿ ಗುಂಡಿ ತಿರುಗಿಸುತ್ತಾನೆ. ಸ್ಪೀಕರಿನಿಂದ ಹೊರಟ ಸದ್ದು ಮತ್ತೆ ಮೈಕಿಗೆ ನುಗ್ಗಿ, ಆಂಪ್ಲಿಫೈಯರಿನಲ್ಲಿ ಇನ್ನಷ್ಟು ದೊಡ್ಡದಾಗಿ ಸ್ಪೀಕರಿಗೆ ಬಂದು, ತಿರುಗಿ ಮೈಕಿಗೆ ಹೋಗುವ ಸುತ್ತಾಟದಿಂದ ಹುಟ್ಟುವ ಕೂಗು ಅದು. ಇದಕ್ಕೆ ಫೀಡ್‌ಬ್ಯಾಕ್ ಎನ್ನುತ್ತಾರೆ. ಎಲೆಕ್ಟ್ರಿಕ್ ಗಿಟಾರನ್ನು ಸ್ಪೀಕರಿಗೆ ಎದುರಾಗಿ ಹಿಡಿದರೂ ಹೀಗೆಯೇ ಆಗುತ್ತದೆ. ಸ್ಪೀಕರಿನ ಸದ್ದೇ ತಂತಿಗಳನ್ನು ನಡುಗಿಸುತ್ತದೆ, ಬೆರಳು ಮುಟ್ಟದಿದ್ದರೂ ಸ್ವರ ನಿಲ್ಲದೆ ಅರಚುತ್ತದೆ.

ಇನ್ನೊಂದು ಡಿಸ್ಟಾರ್ಷನ್. ಜಾತ್ರೆಯಲ್ಲಿ ಕಂಬಕ್ಕೆ ಕಟ್ಟಿದ ಹಾರ್ನ್ ಸ್ಪೀಕರಿಗೆ ಅದು ತಾಳುವುದಕ್ಕಿಂತ ಹೆಚ್ಚು ಸದ್ದು ಕೊಟ್ಟಾಗ ಹಾಡು ಒಡೆದು ‘ಕರಕರ’ ಎನ್ನುತ್ತದೆ. ಆಂಪ್ಲಿಫೈಯರಿಗೆ ಒಂದು ಮಿತಿ ಇದೆ. ಅದನ್ನು ದಾಟಿದ ಸದ್ದಿನ ಅಲೆಯ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಆಗ ಮೂಲ ಸ್ವರದ ಜತೆಗೆ ಅದರಲ್ಲಿ ಮೊದಲು ಇಲ್ಲದಿದ್ದ ಮೇಲಿನ ಸ್ವರಗಳೂ ಸೇರಿಕೊಂಡು ಸದ್ದು ಒರಟಾಗುತ್ತದೆ. ಮೈಕ್‌ಸೆಟ್ಟಿನವರು ಕೆಡುಕೆಂದು ತಪ್ಪಿಸಲು ನೋಡುವ ಈ ಎರಡನ್ನೂ ನಾಯ್ಸ್ ರಾಕ್ ನುಡಿಸುವವರು ಬೇಕೆಂದೇ ಕರೆದುಕೊಳ್ಳುತ್ತಾರೆ. ಇಂಥ ಸಂಗೀತದ ಬಗ್ಗೆ ಎಲ್ಲರೂ ಒಂದೇ ಮಾತು ಆಡಬೇಕೆಂದರೆ ಆಗುವ ಮಾತಲ್ಲ.

ವೆಲ್ವೆಟ್ ಅಂಡರ್‌ಗ್ರೌಂಡ್‌ನ ನಾಲ್ವರು ನಾಲ್ಕು ದಿಕ್ಕಿನಿಂದ ಬಂದವರು. ಹಾಡುಗಾರ ಮತ್ತು ಗಿಟಾರುವಾದಕ ಲೂ ರೀಡ್ ಸಿರಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಓದಿ, ಕವಿ ಡೆಲ್ಮೋರ್ ಶ್ವಾರ್ಟ್ಜ್ ಅವರ ಶಿಷ್ಯನಾಗಿದ್ದವರು. ಓದು ಮುಗಿದ ಮೇಲೆ ಪಿಕ್‌ವಿಕ್ ಎಂಬ ಕಂಪನಿಯಲ್ಲಿ, ಆಗ ಓಡುತ್ತಿದ್ದ ಹಾಡುಗಳನ್ನೇ ಹೋಲುವ ಅಗ್ಗದ ಹಾಡುಗಳನ್ನು ಬರೆಯುವುದು ಅವರ ಹೊಟ್ಟೆಪಾಡಾಗಿತ್ತು. ಜಾನ್ ಕೇಲ್ ಬ್ರಿಟನ್ನಿನ ವೇಲ್ಸ್ ಸೀಮೆಯವರು. ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನಲ್ಲಿ ಶಾಸ್ತ್ರೀಯ ಸಂಗೀತ ಕಲಿತು 1963ರಲ್ಲಿ ಅಮೆರಿಕಕ್ಕೆ ಬಂದರು. ಆ ವರ್ಷವೇ ಸಂಯೋಜಕ ಜಾನ್ ಕೇಜ್ ಏರ್ಪಡಿಸಿದ್ದ, ಒಂದೇ ಪುಟ್ಟ ಪಿಯಾನೊ ರಚನೆಯನ್ನು 18 ಗಂಟೆಗೂ ಮೀರಿ ಸರದಿಯಲ್ಲಿ ನುಡಿಸಿದ ಕಛೇರಿಯಲ್ಲಿ ಅವರೂ ಒಬ್ಬರಾಗಿದ್ದರು. ಸ್ಟರ್ಲಿಂಗ್ ಮಾರಿಸನ್ ಗಿಟಾರಿಗೆ, ಮೊರೀನ್ ಟಕ್ಕರ್ ಡ್ರಮ್ಸಿಗೆ. ಟಕ್ಕರ್ ಎಲ್ಲ ಡ್ರಮ್ಮರುಗಳಂತೆ ಕೂತು ಬಾರಿಸುತ್ತಿರಲಿಲ್ಲ. ದೊಡ್ಡ ಡ್ರಮ್ಮನ್ನು ಅಡ್ಡ ಮಲಗಿಸಿಕೊಂಡು, ನಿಂತುಕೊಂಡೇ, ತುದಿಗೆ ಉಂಡೆಯಿರುವ ಕೋಲುಗಳಿಂದ ಹೊಡೆಯುತ್ತಿದ್ದರು. ರಾಕ್ ಸಂಗೀತಕ್ಕೆ ಮೆರುಗು ಕೊಡುವ ಸಿಂಬಲ್ ತಾಳಗಳನ್ನು ಹೆಚ್ಚುಕಡಿಮೆ ಮುಟ್ಟುತ್ತಲೇ ಇರಲಿಲ್ಲ.

ಈ ಸಂಗೀತದ ಒಂದು ಎಳೆ ಭಾರತದವರೆಗೂ ಬರುತ್ತದೆ. ಕೇಲ್ ನ್ಯೂಯಾರ್ಕಿನಲ್ಲಿ ಸೇರಿಕೊಂಡದ್ದು ಲಾ ಮಾಂಟ್ ಯಂಗ್ ಎಂಬ ಸಂಯೋಜಕರ ಗುಂಪನ್ನು. ಅಲಿ ಅಕ್ಬರ್ ಖಾನ್ ಅವರ ಸರೋದ್‌ವಾದನದ ತಟ್ಟೆಯನ್ನು 1950ರ ದಶಕದಲ್ಲಿ ಕೇಳಿದ್ದ ಯಂಗ್, ರಾಗದಷ್ಟೇ ಅದರ ಹಿಂದಿನ ತಂಬೂರಿಗೂ ಮನಸೋತರು. ನಮ್ಮ ಕಛೇರಿಗಳಲ್ಲಿ ಹಿಂದೆ ಕೂತು ಶ್ರುತಿ ಹಿಡಿಯುವ ತಂಬೂರಿಯನ್ನೇ ಮುಂದಕ್ಕೆ ತಂದು ಕೂರಿಸಿದರೆ ಹೇಗೋ ಹಾಗಿತ್ತು ಆ ಗುಂಪಿನ ಸಂಗೀತ. ಒಂದೇ ಸ್ವರಗುಚ್ಛವನ್ನು ಗಂಟೆಗಟ್ಟಲೆ ಹಿಡಿದು ನಿಲ್ಲುವುದು. ಕೇಲ್ ಪಿಟೀಲಿನಂಥ ತಮ್ಮ ವಯೋಲಾದಲ್ಲಿ ತಂತಿಗಳನ್ನು ಹೊರುವ ಕುದುರೆಯನ್ನು ಚಪ್ಪಟೆಯಾಗಿ ಅರೆದು, ಗಿಟಾರಿನ ಲೋಹದ ತಂತಿಗಳನ್ನು ಬಿಗಿದು, ಒಂದೇ ಕಮಾನಿನಲ್ಲಿ ಹಲವು ತಂತಿಗಳನ್ನು ಒಟ್ಟಿಗೆ ಉಜ್ಜುವಂತೆ ಮಾಡಿಕೊಂಡಿದ್ದರು. ಆ ಗುಂಪು ಶ್ರುತಿ ಕೂಡಿಸಿಕೊಳ್ಳುತ್ತಿದ್ದುದು ಫ್ರಿಜ್ಜಿನ ಗುಂಯ್‌ಗುಡುವಿಕೆಗೆ, ಅಂದರೆ ಅಮೆರಿಕದ ಕರೆಂಟಿನ 60 ಹರ್ಟ್ಸ್ ಕಂಪನಕ್ಕೆ. ಮುಂದೆ 1970ರಲ್ಲಿ ಯಂಗ್ ಕಿರಾಣಾ ಘರಾಣೆಯ ಪಂಡಿತ್ ಪ್ರಾಣನಾಥರ ಶಿಷ್ಯರೇ ಆದರು. ಸವಾಯಿ ಗಂಧರ್ವ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರದೂ ಅದೇ ಘರಾಣೆ. ಕೇಲ್ ಅಷ್ಟರಲ್ಲಿ ಶ್ರುತಿಯ ಆ ಪಾಠವನ್ನು ರಾಕ್ ತಂಡದ ಆಂಪ್ಲಿಫೈಯರಿಗೆ ಜೋಡಿಸಿಯಾಗಿತ್ತು.

ತಂಡದ ಮೊದಲ ಆಲ್ಬಮ್ 1967ರ ಮಾರ್ಚಿನಲ್ಲಿ ಬಂದಿತ್ತು. ಚಿತ್ರಕಾರ ಆಂಡಿ ವಾರ್ಹಾಲ್ ಬರೆದ ಬಾಳೆಹಣ್ಣಿನ ಮುಖಪುಟ, ಜರ್ಮನಿಯ ಗಾಯಕಿ ನಿಕೊ ಅವರ ಕಂಠ, ನಾಲ್ಕಾರು ನವಿರಾದ ಹಾಡುಗಳು ಅದರಲ್ಲಿದ್ದವು. ಹಿಂಬದಿಯ ಚಿತ್ರದಲ್ಲಿ ತನ್ನ ಮುಖ ಕೇಳದೆ ಬಳಸಿದ್ದಾರೆಂದು ಒಬ್ಬ ನಟ ತಕರಾರು ತೆಗೆದದ್ದರಿಂದ ಕಂಪನಿ ತಟ್ಟೆಗಳನ್ನು ಹಿಂದಕ್ಕೆ ತರಿಸಿಕೊಂಡಿತು, ಇದ್ದ ಅಷ್ಟಿಷ್ಟು ಮಾರಾಟವೂ ಕುಸಿಯಿತು. ಅದು ಏರಿದ್ದು 171ನೇ ಸ್ಥಾನದವರೆಗೆ ಮಾತ್ರ. ವರ್ಷ ಮುಗಿಯುವುದರೊಳಗೆ ರೀಡ್ ತಂಡದ ವ್ಯವಹಾರ ನೋಡಿಕೊಳ್ಳುತ್ತಿದ್ದ ವಾರ್ಹಾಲರ ನಂಟು ಕಡಿದುಕೊಂಡರು, ನಿಕೊ ದೂರವಾದರು. ತಂಡಕ್ಕೆ ಹೆಸರು ತಂದಿದ್ದ ಇಬ್ಬರೂ ಇಲ್ಲದೆ, ಉಳಿದ ನಾಲ್ವರು 1967ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಮೇಫೇರ್ ಸ್ಟುಡಿಯೊಗೆ ಹೋದರು.

ನಿರ್ಮಾಪಕ ಟಾಮ್ ವಿಲ್ಸನ್ ಸಾಮಾನ್ಯರಲ್ಲ. ಬಾಬ್ ಡಿಲನ್ ಅವರ ‘ಲೈಕ್ ಎ ರೋಲಿಂಗ್ ಸ್ಟೋನ್’ ಧ್ವನಿಮುದ್ರಣ ಅವರ ಉಸ್ತುವಾರಿಯಲ್ಲಿ ಆದದ್ದು. ಅದಕ್ಕೂ ಮೊದಲು ಸನ್ ರಾ, ಸೆಸಿಲ್ ಟೇಲರ್ ಅವರಂಥ ಹೊಸ ಹಾದಿಯ ಜಾಝ್ ಕಲಾವಿದರನ್ನು ಜನರ ಮುಂದಿಟ್ಟವರು. ಎಂಜಿನಿಯರ್ ಗ್ಯಾರಿ ಕೆಲ್‌ಗ್ರೆನ್ ಕೂಡ ಪಳಗಿದ ಕೈ. ಮುಂದೆ ರೆಕಾರ್ಡ್ ಪ್ಲಾಂಟ್ ಎಂಬ ಹೆಸರಾಂತ ಸ್ಟುಡಿಯೊ ಕಟ್ಟಿದವರಲ್ಲಿ ಅವರೂ ಒಬ್ಬರು. ಆದ್ದರಿಂದ ಆಲ್ಬಮ್ ಕೇಳಲು ಹೀಗಿರುವುದಕ್ಕೆ ಕೆಲಸ ಬಾರದವರ ಕೈವಾಡ ಕಾರಣವಲ್ಲ.

ಕಾರಣವನ್ನು ಮಾರಿಸನ್ ಅವರೇ ಮುಂದೊಮ್ಮೆ ಬಿಚ್ಚಿ ಹೇಳಿದ್ದಾರೆ. ಎಲ್ಲರೂ ಒಂದೇ ಕೋಣೆಯಲ್ಲಿ, ವೇದಿಕೆಯ ಮೇಲೆ ನುಡಿಸುವಷ್ಟೇ ಜೋರಾಗಿ ನುಡಿಸಿದರು. ಒಬ್ಬರ ವಾದ್ಯಕ್ಕೆ ಇಟ್ಟ ಮೈಕಿಗೆ ಮತ್ತೊಬ್ಬರ ಸದ್ದು ನುಗ್ಗಿತು. ಸದ್ದು ಒಡೆಯುವ ಯಂತ್ರಗಳ ರಾಶಿಯೇ ಜತೆಗಿತ್ತು. ಅಳತೆಯ ಮುಳ್ಳುಗಳೆಲ್ಲ ಕೆಂಪು ಗೆರೆ ದಾಟಿ ನಿಂತಿವೆ, ಇದನ್ನು ಹೀಗೆ ರೆಕಾರ್ಡ್ ಮಾಡಲಾಗದು ಎಂದು ಕೆಲ್‌ಗ್ರೆನ್ ಪದೇ ಪದೇ ಎಚ್ಚರಿಸಿದರು. ಆ ಕಡೆಯ ಸಂಗತಿ ತಮಗೆ ಬೇಡ, ಕೈಲಾದದ್ದು ಮಾಡಿ ಎಂದು ತಂಡ ಹೇಳಿಬಿಟ್ಟಿತು. ಬೇಕಾದಷ್ಟು ಕಸುವೂ ವಿದ್ಯುತ್ ಉಪಕರಣವೂ ಇದ್ದವು, ಆದರೆ ಅದನ್ನು ತಟ್ಟೆಯ ಮೇಲೆ ಹಿಡಿಯಲಾಗದೆಂಬುದು ತಿಳಿದಿರಲಿಲ್ಲ ಎಂಬುದು ಮಾರಿಸನ್ ಅವರ ಮಾತಿನ ಸಾರ. ಆಲ್ಬಮ್ಮನ್ನು ಮೆಚ್ಚುವವರು ಈ ಒಪ್ಪಿಗೆಯನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಇಲ್ಲಿನ ಮಸುಕಿನಲ್ಲಿ ಸ್ವಲ್ಪ ಬೇಕೆಂದು ಮಾಡಿದ್ದು, ಸ್ವಲ್ಪ ಕೈಮೀರಿ ಆದದ್ದು. ಇವೆರಡನ್ನೂ ಬಿಡಿಸಿ ನೋಡುವುದು ಸುಲಭವಲ್ಲ.

ಮೊದಲ ಬದಿಯ ಶೀರ್ಷಿಕೆ ಗೀತೆ ಮೂರು ನಿಮಿಷಕ್ಕೂ ಕಡಿಮೆ. ಆಂಫೆಟಮಿನ್ ಎಂಬ ಮಾದಕದ ಅಮಲನ್ನು ಕುರಿತ ಇದರ ಪಿಯಾನೊ ಹಳೆಯ ರಾಕ್ ಅಂಡ್ ರೋಲ್ ಧಾಟಿಯದು. ಕೊನೆಯಲ್ಲಿ ಕೇಲ್ ಅವರ ಬೇಸ್ ಗಿಟಾರು ಒಂದೇ ಸ್ವರವನ್ನು ಕುಟ್ಟಿ ಕುಟ್ಟಿ ಹಾಡನ್ನು ಮುಳುಗಿಸುತ್ತದೆ. ಎರಡನೆಯದಾದ ‘ದಿ ಗಿಫ್ಟ್’ ಹಾಡೇ ಅಲ್ಲ, ರೀಡ್ ಕಾಲೇಜಿನ ದಿನಗಳಲ್ಲಿ ಬರೆದಿದ್ದ ಸಣ್ಣಕತೆ. ದೂರದ ಊರಿನಲ್ಲಿರುವ ಪ್ರೇಯಸಿಯನ್ನು ಬೆರಗುಗೊಳಿಸಲು ವಾಲ್ಡೊ ಎಂಬ ಹುಡುಗ ತನ್ನನ್ನೇ ಪೆಟ್ಟಿಗೆಯಲ್ಲಿ ಹಾಕಿಕೊಂಡು ಅಂಚೆಗೆ ಒಪ್ಪಿಸಿಕೊಳ್ಳುತ್ತಾನೆ. ಪೆಟ್ಟಿಗೆ ತೆರೆಯಲಾಗದೆ ಆಕೆಯ ಗೆಳತಿ ತಗಡು ಕತ್ತರಿಸುವ ಆಯುಧವನ್ನು ಅದರೊಳಗೆ ಚುಚ್ಚುತ್ತಾಳೆ, ಅದು ಅವನ ತಲೆಯನ್ನೇ ಸೀಳುತ್ತದೆ. ಕೇಲ್ ತಮ್ಮ ವೇಲ್ಸ್ ಉಚ್ಚಾರಣೆಯಲ್ಲಿ, ಮನೆಯವರಿಗೆ ಪತ್ರಿಕೆ ಓದಿ ಹೇಳುವಷ್ಟು ತಣ್ಣಗೆ ಇದನ್ನು ಓದುತ್ತಾರೆ. ಸ್ಟೀರಿಯೊದಲ್ಲಿ ಓದು ಪೂರ್ತಿ ಎಡಗಡೆಯ ಸ್ಪೀಕರಿಗೆ, ವಾದ್ಯಗಳ ಅಬ್ಬರ ಪೂರ್ತಿ ಬಲಗಡೆಗೆ. ಬ್ಯಾಲೆನ್ಸ್ ಗುಂಡಿಯನ್ನು ಒಂದು ಕಡೆಗೆ ತಿರುಗಿಸಿದರೆ ಬರೀ ಕತೆ, ಇನ್ನೊಂದು ಕಡೆಗೆ ತಿರುಗಿಸಿದರೆ ಬರೀ ಸಂಗೀತ.

‘ಲೇಡಿ ಗೊಡೈವಾಸ್ ಆಪರೇಷನ್’ನಲ್ಲಿ ಕೇಲ್ ಮೆಲ್ಲಗೆ ಹಾಡುತ್ತಿರುವಾಗ ರೀಡ್ ನಡುವೆ ಬಾಯಿಹಾಕಿ ಅವರ ಸಾಲನ್ನು ಗಟ್ಟಿದನಿಯಲ್ಲಿ ತಾವೇ ಮುಗಿಸುತ್ತಾರೆ. ಉಪಾಯ ಚುರುಕಾಗಿದ್ದರೂ ಹಾಡು ಅದಕ್ಕೆ ತಕ್ಕ ಎತ್ತರ ಮುಟ್ಟುವುದಿಲ್ಲ, ಆಲ್ಬಮ್ಮಿನ ಸಡಿಲ ಭಾಗ ಇದೇ. ‘ಹಿಯರ್ ಶಿ ಕಮ್ಸ್ ನೌ’ ಎರಡು ನಿಮಿಷದ ಪುಟ್ಟ ಹಾಡು, ಇಡೀ ತಟ್ಟೆಯಲ್ಲಿ ಮೆದುವಾದದ್ದು ಇದೊಂದೇ.

ತಟ್ಟೆ ತಿರುಗಿಸಿ ಹಾಕಿದೊಡನೆ ‘ಐ ಹರ್ಡ್ ಹರ್ ಕಾಲ್ ಮೈ ನೇಮ್’ ಸ್ಫೋಟಗೊಳ್ಳುತ್ತದೆ. ಜಾಝ್‌ನ ಆರ್ನೆಟ್ ಕೋಲ್ಮನ್ ಅವರ ಸ್ಯಾಕ್ಸೊಫೋನನ್ನು ಆರಾಧಿಸುತ್ತಿದ್ದ ರೀಡ್ ಇಲ್ಲಿ ಸ್ವರ, ಲಯಗಳ ಹಂಗು ತೊರೆದು ಗಿಟಾರನ್ನು ಕಿರುಚಿಸುತ್ತಾರೆ. ಒಂದೆಡೆ ಕ್ಷಣಕಾಲ ಎಲ್ಲವೂ ಸ್ತಬ್ಧವಾಗಿ, ಮರುಕ್ಷಣ ಫೀಡ್‌ಬ್ಯಾಕಿನ ಒಂದು ಸೀಳುಕೂಗು ಏಳುತ್ತದೆ. ಆದರೆ ರೀಡ್ ಗಿಟಾರಿನ ಅಬ್ಬರದಲ್ಲಿ ಡ್ರಮ್ಸೂ ಮಾರಿಸನ್ ಅವರ ಗಿಟಾರೂ ಎಲ್ಲೋ ಹಿಂದೆ ಸರಿದುಹೋಗಿವೆ. ಈ ಹಾಡಿಗೆ ಸದ್ದುಗಳ ತಪ್ಪು ಮಿಶ್ರಣವನ್ನು ಆರಿಸಿದರೆಂದು ಮುನಿದು ಮಾರಿಸನ್ ಒಂದೆರಡು ದಿನ ತಂಡವನ್ನೇ ಬಿಟ್ಟುಹೋಗಿದ್ದರು. ಆಲ್ಬಮ್ಮಿಗೆ ಬಂದ ಮೊದಲ ಪ್ರತಿಕೂಲ ವಿಮರ್ಶೆ ಎಂದರೆ ಅದೇ.

ಉಳಿದದ್ದು ‘ಸಿಸ್ಟರ್ ರೇ’. ಒಂದೇ ಸಲಕ್ಕೆ ನುಡಿಸುವುದು, ಹೇಗೆ ಬಂದರೆ ಹಾಗೆ ಒಪ್ಪಿಕೊಳ್ಳುವುದು ಎಂದು ನಾಲ್ವರೂ ಮೊದಲೇ ಮಾತಾಡಿಕೊಂಡಿದ್ದರು. ಬೇಸ್ ಗಿಟಾರು ಇಲ್ಲ. ಕೇಲ್ ಆರ್ಗನ್ನಿನ ತಂತಿಯನ್ನು ಗಿಟಾರಿನ ಆಂಪ್ಲಿಫೈಯರಿಗೆ ಚುಚ್ಚಿದ್ದಾರೆ. ಮೂರೇ ಕಾರ್ಡುಗಳ, ಅಂದರೆ ಸ್ವರಗುಚ್ಛಗಳ, ಮೇಲೆ ಎರಡು ಗಿಟಾರು, ಒಂದು ಆರ್ಗನ್ ಹೊರಳಾಡುತ್ತವೆ. ಟಕ್ಕರ್ ಅವರ ಡ್ರಮ್ಮು ಮಿಲ್ಲಿನ ಯಂತ್ರದಂತೆ ಒಂದೇ ಸಮನೆ ಓಡುತ್ತದೆ. ಮೇಲೆ ರೀಡ್ ಹೆಣ್ಣುವೇಷದ ಗಂಡಸರು, ಹೆರಾಯಿನ್ ಚುಚ್ಚಿಕೊಳ್ಳುವವರು, ಕೊಲೆಯಾದ ನಾವಿಕ ಇವರೆಲ್ಲ ಸೇರಿದ ಕೋಣೆಯೊಂದರ ಕತೆಯನ್ನು ಅರ್ಧ ಹಾಡಿ ಅರ್ಧ ಗೊಣಗುತ್ತಾರೆ. ಐದಾರು ನಿಮಿಷದ ಹೊತ್ತಿಗೆ ಕಾರ್ಡುಗಳೂ ಕರಗಿ ಹಗ್ಗಜಗ್ಗಾಟ ಶುರುವಾಗುತ್ತದೆ. ಒಬ್ಬರು ಸದ್ದು ಏರಿಸಿದರೆ ಇನ್ನೊಬ್ಬರು ಅದರ ಮೇಲೆ ಏರಿಸುತ್ತಾರೆ. ನಡುವೆ ಒಮ್ಮೆ ಕೇಲ್ ಅವರ ಆರ್ಗನ್ ಅಣೆಕಟ್ಟು ಒಡೆದಂತೆ ನುಗ್ಗಿ ಗಿಟಾರುಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ಇದನ್ನು ಕೇಳುತ್ತ ಕೂರಲಾರೆ, ರೆಕಾರ್ಡಿಂಗ್ ಶುರುಮಾಡಿ ಹೊರಗೆ ಹೋಗುತ್ತೇನೆ, ಮುಗಿದಾಗ ಕರೆಯಿರಿ ಎಂಬ ಅರ್ಥದ ಮಾತು ಹೇಳಿ ಎಂಜಿನಿಯರ್ ಎದ್ದುಹೋದರೆಂದು ರೀಡ್ ನೆನಪಿಸಿಕೊಳ್ಳುತ್ತಿದ್ದರು. ಮೊದಲ ಸಲ ಕೇಳುವವರಿಗೆ ಹತ್ತನೆಯ ನಿಮಿಷದಲ್ಲಿ ಸಾಕೆನಿಸುವುದು ಸಹಜ. ತಾಳ್ಮೆಯಿಂದ ಕೂತರೆ, ತಂಬೂರಿಯ ನಾದದೊಳಗೆ ಸಣ್ಣ ಸಣ್ಣ ಸ್ವರಗಳು ಕೇಳತೊಡಗುವ ಹಾಗೆ, ಈ ಗದ್ದಲದ ಒಳಗೂ ಯಾರು ಯಾರನ್ನು ಎಲ್ಲಿ ತಳ್ಳುತ್ತಿದ್ದಾರೆಂಬುದು ನಿಚ್ಚಳವಾಗುತ್ತ ಹೋಗುತ್ತದೆ.

ಬಂದ ಕಾಲವೂ ಇದಕ್ಕೆ ಅನುಕೂಲವಾಗಿರಲಿಲ್ಲ. 1967ರ ಬೇಸಿಗೆಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಹಿಪ್ಪಿಗಳ ಪ್ರೀತಿ, ಶಾಂತಿಯ ಮಾತಿನಲ್ಲಿ ಮಿಂದಿತ್ತು. ಬೀಟಲ್ಸ್ ತಂಡದ ‘ಸಾರ್ಜೆಂಟ್ ಪೆಪ್ಪರ್ಸ್’ ಸ್ಟುಡಿಯೊ ಕುಸುರಿಗೆ ಹೊಸ ಮಾದರಿ ಹಾಕಿತ್ತು. ಅಂಥ ಹೊತ್ತಿನಲ್ಲಿ ಕರಿಯ ಹೊದಿಕೆಯ ಮೇಲೆ ಕರಿಯ ಬಣ್ಣದಲ್ಲೇ, ಬೆಳಕಿಗೆ ಓರೆಯಾಗಿ ಹಿಡಿದರಷ್ಟೇ ಕಾಣುವ ತಲೆಬುರುಡೆಯ ಹಚ್ಚೆ ಮುದ್ರಿಸಿಕೊಂಡು ಈ ತಟ್ಟೆ ಬಂದಿತು. ಮಾದಕ, ಲೈಂಗಿಕತೆ, ಕೊಲೆ ತುಂಬಿದ ಹಾಡುಗಳನ್ನು ರೇಡಿಯೊ ಕೇಂದ್ರಗಳು ಹಾಕುವಂತಿರಲಿಲ್ಲ. ತಂಡವೂ 1967ರ ನಡುವಿನಿಂದ 1970ರವರೆಗೆ ತನ್ನ ಊರಾದ ನ್ಯೂಯಾರ್ಕಿನಲ್ಲಿ ಕಛೇರಿ ಕೊಡುವುದನ್ನೇ ಹೆಚ್ಚುಕಡಿಮೆ ನಿಲ್ಲಿಸಿತ್ತು.

ಮೆಚ್ಚಿದವರು ಇರಲಿಲ್ಲವೆಂದಲ್ಲ. ಬಾಸ್ಟನ್ನಿನ ‘ಟೀ ಪಾರ್ಟಿ’ ಸಭಾಂಗಣದಲ್ಲಿ ಇವರಿಗೆ ತಮ್ಮದೇ ಆದ ಕೇಳುಗರಿದ್ದರು. ‘ಸಿಸ್ಟರ್ ರೇ’ ಅಲ್ಲಿ ಇನ್ನೂ ಉದ್ದವಾಗಿ ಬೆಳೆಯುತ್ತಿತ್ತು. ಆ ಸೀಮೆಯ ಹುಡುಗ ಜೊನಾಥನ್ ರಿಚ್‌ಮನ್ ತಂಡದ ಕಛೇರಿಗಳನ್ನು ಬಿಡದೆ ಕೇಳಿ, ‘ಸಿಸ್ಟರ್ ರೇ’ಯ ಕಾರ್ಡುಗಳನ್ನು ಎರಡಕ್ಕೆ ಇಳಿಸಿ ‘ರೋಡ್‌ರನ್ನರ್’ ಎಂಬ ತನ್ನ ಹಾಡು ಕಟ್ಟಿದ. 1972ರಲ್ಲಿ ಅದನ್ನು ರೆಕಾರ್ಡ್ ಮಾಡಿಸಿದವರು ಜಾನ್ ಕೇಲ್ ಅವರೇ. 1968ರಲ್ಲಿ ‘ಕ್ರಾಡ್ಯಾಡಿ’ ಪತ್ರಿಕೆಯಲ್ಲಿ ವೇಯ್ನ್ ಮೆಗ್ವಾಯರ್ ಒಂದು ದೀರ್ಘ ಲೇಖನ ಬರೆದು, ಆ ಹೊತ್ತಿನ ತಂಡಗಳಲ್ಲೆಲ್ಲ ಇದೇ ಮಿಗಿಲೆಂದು ವಾದಿಸಿದರು. ಒಂದು ಕಡೆ ಇಷ್ಟು ಉತ್ಕಟ ಮೆಚ್ಚುಗೆ, ಇನ್ನೊಂದು ಕಡೆ 199ನೇ ಸ್ಥಾನ. ನಡುವಿನ ಜಾಗ ಖಾಲಿ.

ತಂಡದೊಳಗಿನ ಭಿನ್ನಮತವೂ ಮಾಗಲಿಲ್ಲ. ಮೊದಲ ಆಲ್ಬಮ್ಮಿನಲ್ಲಿ ಒಂದಿಷ್ಟು ಸೌಜನ್ಯ, ಸೌಂದರ್ಯವಿತ್ತು, ಎರಡನೆಯದು ಬೇಕೆಂದೇ ಸೌಂದರ್ಯಕ್ಕೆ ಬೆನ್ನು ಹಾಕಿತು ಎಂಬ ಅರ್ಥದಲ್ಲಿ ಕೇಲ್ ಮುಂದೊಮ್ಮೆ ಮಾತಾಡಿದ್ದಾರೆ. ಗದ್ದಲವನ್ನು ಇನ್ನೂ ಮುಂದಕ್ಕೆ ಒಯ್ಯುವ ಹಂಬಲ ಅವರದು, ಹಾಡಿನ ಕಡೆಗೆ ಹೊರಳುವ ಮನಸ್ಸು ರೀಡ್ ಅವರದು. ಎತ್ತು ಏರಿಗೆ, ಕೋಣ ನೀರಿಗೆ ಎಳೆದಂತಾಗಿ, 1968ರ ಸೆಪ್ಟೆಂಬರಿನಲ್ಲಿ ಕೇಲ್ ತಂಡದಿಂದ ಹೊರಬೀಳಬೇಕಾಯಿತು. ಅವರ ಜಾಗಕ್ಕೆ ಡಗ್ ಯೂಲ್ ಬಂದರು. 1969ರ ಮೂರನೆಯ ಆಲ್ಬಮ್ ಪಿಸುಮಾತಿನಷ್ಟು ಮೆಲ್ಲಗಿದೆ.

ತಟ್ಟೆಯ ಅದೃಷ್ಟ ತಿರುಗಿದ್ದು ನುಡಿಸುವವರ ಕೈಯಲ್ಲಿ. 1970ರ ದಶಕದ ಮೊದಲಲ್ಲಿ ಡೇವಿಡ್ ಬೋವಿ ಇದರ ಶೀರ್ಷಿಕೆ ಗೀತೆಯನ್ನು ತಮ್ಮ ಕಛೇರಿಗಳಲ್ಲಿ ಹಾಡಿದರು. ಇಂಗ್ಲೆಂಡಿನ ಬೋಲ್ಟನ್ ಊರಿನ ಕಾಲೇಜಿನಲ್ಲಿ ಹೊವರ್ಡ್ ಡಿವೋಟೊ ಎಂಬ ವಿದ್ಯಾರ್ಥಿ ‘ಸಿಸ್ಟರ್ ರೇ’ ನುಡಿಸಲು ಜತೆಗಾರರು ಬೇಕೆಂದು ಚೀಟಿ ಅಂಟಿಸಿದ್ದ. ಅದನ್ನು ನೋಡಿ ಬಂದವನು ಪೀಟ್ ಶೆಲ್ಲಿ, ಅವರಿಬ್ಬರಿಂದ ಹುಟ್ಟಿದ್ದು ಬಝ್‌ಕಾಕ್ಸ್ ಎಂಬ ಪಂಕ್ ತಂಡ. ಮ್ಯಾಂಚೆಸ್ಟರಿನ ಜಾಯ್ ಡಿವಿಷನ್ 1980ರಲ್ಲಿ ಅದೇ ಹಾಡನ್ನು ವೇದಿಕೆಯ ಮೇಲೆ ನುಡಿಸಿತು. 1980ರ ದಶಕದಲ್ಲಿ ಸೋನಿಕ್ ಯೂತ್, ಜೀಸಸ್ ಅಂಡ್ ಮೇರಿ ಚೈನ್ ಮುಂತಾದ ತಂಡಗಳು ಫೀಡ್‌ಬ್ಯಾಕನ್ನು ದಿನಬಳಕೆಯ ಸ್ವರವಾಗಿಸಿದವು. ಅವುಗಳನ್ನು ಕೇಳಿ ಬೆಳೆದ ಕಿವಿಗೆ ಹಿಂದಿನ ತಟ್ಟೆ ಗದ್ದಲವಾಗಿ ಉಳಿಯಲಿಲ್ಲ, ಪರಿಚಿತ ಭಾಷೆಯಾಯಿತು. 1991ರಲ್ಲಿ ನಿರ್ವಾಣ ತಂಡ ‘ಹಿಯರ್ ಶಿ ಕಮ್ಸ್ ನೌ’ ಹಾಡನ್ನು ತನ್ನದಾಗಿಸಿ ಬಿಡುಗಡೆ ಮಾಡಿತು. ರೋಲಿಂಗ್ ಸ್ಟೋನ್ ಪತ್ರಿಕೆ 2003ರಲ್ಲಿ ಸಾರ್ವಕಾಲಿಕ ಶ್ರೇಷ್ಠ 500 ಆಲ್ಬಮ್‌ಗಳ ಪಟ್ಟಿ ಮಾಡಿದಾಗ ಇದಕ್ಕೂ ಜಾಗ ಕೊಟ್ಟಿತು.

ಕಿವಿಗಳು ಅಷ್ಟು ಪಳಗಿದ ಮೇಲೂ ಈ ಬಗೆಯ ಒಡಕು ನಿಂತುಹೋಗಲಿಲ್ಲ. ನ್ಯೂಯಾರ್ಕಿನದೇ ಲಯರ್ಸ್ ತಂಡ 2001ರ ಮೊದಲ ಆಲ್ಬಮ್ಮಿನಲ್ಲಿ ಕುಣಿಸುವ ಪಂಕ್ ನುಡಿಸಿ ಹೆಸರು ಮಾಡಿತ್ತು. 2004ರ ಎರಡನೆಯದಾದ ‘ದೇ ವರ್ ರಾಂಗ್, ಸೋ ವಿ ಡ್ರೌನ್ಡ್’ನಲ್ಲಿ ಅದು ಆ ಹದವನ್ನೆಲ್ಲ ಕೈಬಿಟ್ಟು, ಯುರೋಪಿನ ಮಾಟಗಾತಿಯರ ಬೇಟೆಯ ಕತೆಗಳನ್ನು ಡ್ರಮ್ಮಿನ ಬಡಿತ, ಚೀರಾಟ, ಯಂತ್ರದ ಗೊರಗೊರಗಳಲ್ಲಿ ಹೇಳಿತು. ಕೆಲವು ಹಾಡು ಮಾಟಗಾತಿಯರ ಬಾಯಲ್ಲಿ, ಕೆಲವು ಅವರನ್ನು ಅಟ್ಟಿಸಿಕೊಂಡು ಬಂದ ಹಳ್ಳಿಯವರ ಬಾಯಲ್ಲಿ. ರೋಲಿಂಗ್ ಸ್ಟೋನ್ ಮತ್ತು ಸ್ಪಿನ್ ಪತ್ರಿಕೆಗಳು ತಮ್ಮಲ್ಲಿರುವ ಅತಿ ಕೆಳಗಿನ ದರ್ಜೆ ಕೊಟ್ಟವು. ಬೇರೆ ಕಡೆ ಅದರ ಎದೆಗಾರಿಕೆಯನ್ನು ಮೆಚ್ಚಿದವರೂ ಇದ್ದರು. ಬರ್ಲಿನ್ನಿನಲ್ಲಿ ರೂಪುಗೊಂಡ 2006ರ ‘ಡ್ರಮ್ಸ್ ನಾಟ್ ಡೆಡ್’ ಆಲ್ಬಮ್ ಅದೇ ಬಡಿತ, ಅದೇ ಒರಟು ನಾದವನ್ನು ಬೆಳೆಸಿಕೊಂಡು ಬಂದು ವ್ಯಾಪಕ ಪ್ರಶಂಸೆ ಗಳಿಸಿತು. ವೆಲ್ವೆಟ್ ತಂಡ ದಶಕಗಟ್ಟಲೆ ಕಾಯಬೇಕಾಗಿದ್ದ ತಿರುವು ಲಯರ್ಸ್ ತಂಡಕ್ಕೆ ಎರಡೇ ವರ್ಷದಲ್ಲಿ ಒದಗಿತು.

‘ವೈಟ್ ಲೈಟ್/ವೈಟ್ ಹೀಟ್’ನ 45ನೇ ವರ್ಷದ ವಿಶೇಷ ಆವೃತ್ತಿ 2013ರ ಡಿಸೆಂಬರಿನಲ್ಲಿ ಬಂದಿತು. ಲೂ ರೀಡ್ ಆ ವರ್ಷದ ಅಕ್ಟೋಬರ್ 27ರಂದು ತೀರಿಕೊಂಡಿದ್ದರು. ಸ್ಟೀರಿಯೊ, ಮೊನೊ ಎರಡೂ ಮಿಶ್ರಣಗಳು ಆ ಆವೃತ್ತಿಯಲ್ಲಿವೆ. ‘ದಿ ಗಿಫ್ಟ್’ನ ಓದು ಬೇರೆಯಾಗಿ, ಸಂಗೀತ ಬೇರೆಯಾಗಿ ದೊರೆಯುವುದರಿಂದ ಈಗ ಬ್ಯಾಲೆನ್ಸ್ ಗುಂಡಿ ತಿರುಗಿಸುವ ಕೆಲಸವಿಲ್ಲ. ಜತೆಗಿರುವ ಇನ್ನೊಂದು ಸಿ.ಡಿ.ಯಲ್ಲಿ 1967ರ ಏಪ್ರಿಲ್ 30ರಂದು ನ್ಯೂಯಾರ್ಕಿನ ಜಿಮ್ನೇಸಿಯಮ್ ಸಭಾಂಗಣದಲ್ಲಿ ನಡೆದ ಕಛೇರಿ ಇದೆ. ಸ್ಟುಡಿಯೊಗೆ ಹೋಗುವುದಕ್ಕೆ ಐದು ತಿಂಗಳ ಮೊದಲಿನ ‘ಸಿಸ್ಟರ್ ರೇ’ ಅಲ್ಲಿ ಕೇಳಸಿಗುತ್ತದೆ.